ಚಿಕ್ಕಪ್ಪ ಬೀಡಿ ಬಿಡ್ತಾರಾ? ಮೊದಲೇ ಹೇಳೋಕೆ ಆಗುತ್ತಾ?

ನನ್ನ ಚಿಕ್ಕಪ್ಪನಿಗೆ ಸ್ಕಿಜೋಫ್ರೀನಿಯಾ ಎಂಬ ಮಾನಸಿಕ ಕಾಯಿಲೆ ಶುರುವಾಗಿ ಇಪ್ಪತ್ತು ವರ್ಷದ ಮೇಲಾಯಿತು. ಬೀಡಿ ಅದಕ್ಕಿಂತ ಹಳೆಯದು. ಮನೆಯಲ್ಲಿ ಯಾರಾದರೂ "ಇವರಿಗೆ ಬೀಡಿ ಬಿಡಿಸೋಣ" ಅಂದರೆ ಸಾಕು, ಅಜ್ಜಿಯಿಂದ ಹಿಡಿದು ಪಕ್ಕದ ಮನೆಯವರವರೆಗೆ ಎಲ್ಲರದೂ ಒಂದೇ ಮಾತು: "ಪಾಪ, ಅವನಿಗೆ ಇರೋ ಸುಖ ಅದೊಂದೇ. ಅವನ ಕೈಲಿ ಬಿಡೋಕಾಗಲ್ಲ. ಸುಮ್ನೆ ಯಾಕೆ ಹಿಂಸೆ ಕೊಡ್ತೀರಾ?"

ಪ್ರೀತಿಯಿಂದ ಬಂದ ಮಾತು ಅದು, ನನಗೆ ಗೊತ್ತು. ಆದರೆ "ಬಿಡೋಕಾಗಲ್ಲ" ಅನ್ನುವುದು ಭವಿಷ್ಯ ಹೇಳಿದ ಹಾಗೆ. ಯಾರೂ ಏನನ್ನೂ ಅಳೆದು ನೋಡದೆ ಹೇಳಿದ ಭವಿಷ್ಯ. ಬಹಳ ಕಾಲ ವೈದ್ಯಲೋಕವೂ ಹೀಗೇ ಅಂದುಕೊಂಡಿತ್ತು. ಈಗ ಅಳೆದು ನೋಡಿದವರಿದ್ದಾರೆ. ಅವರು ಕಂಡಿದ್ದು ನಮ್ಮ ಮನೆಯ ಮಾತಿಗೆ ಹೊಂದುವುದಿಲ್ಲ. ಅದನ್ನೇ ಇಲ್ಲಿ ಬಿಡಿಸಿ ಹೇಳಲು ನೋಡುತ್ತೇನೆ.

ಇದು ಯಾಕೆ ಇಷ್ಟು ಮುಖ್ಯ? ಸ್ಕಿಜೋಫ್ರೀನಿಯಾ, ಬೈಪೋಲಾರ್‌ನಂಥ ತೀವ್ರ ಮಾನಸಿಕ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಸಾವುಗಳಲ್ಲಿ ಹೆಚ್ಚಿನವು ಹೃದಯ, ಶ್ವಾಸಕೋಶದಂಥ ದೇಹದ ಕಾಯಿಲೆಗಳಿಂದ ಆಗುವಂಥವು. ಅದರಲ್ಲಿ ಹೊಗೆಯ ಪಾಲು ದೊಡ್ಡದು. ಅಮೆರಿಕದಲ್ಲಿ 2000ನೇ ಇಸವಿಯಲ್ಲಿ ಪ್ರಕಟವಾದ ಒಂದು ದೊಡ್ಡ ಲೆಕ್ಕ ನೋಡಿ. ಮಾನಸಿಕ ಕಾಯಿಲೆ ಇಲ್ಲದವರಲ್ಲಿ ಸಿಗರೇಟ್ ಸೇದುವವರು ಶೇ. 22.5. ಹಿಂದಿನ ಒಂದು ತಿಂಗಳಲ್ಲಿ ಕಾಯಿಲೆ ಇದ್ದವರಲ್ಲಿ ಶೇ. 41. ಸ್ಕಿಜೋಫ್ರೀನಿಯಾ ಇರುವವರು ಒಂದೊಂದು ಸಿಗರೇಟಿನಿಂದಲೂ ಜಾಸ್ತಿ ನಿಕೋಟಿನ್ ಎಳೆದುಕೊಳ್ಳುತ್ತಾರೆ ಎಂಬುದೂ ರಕ್ತ ಪರೀಕ್ಷೆಯಲ್ಲಿ ಕಂಡಿದೆ. ಅಂದರೆ ಬರೀ ಎಣಿಕೆಯಲ್ಲ, ಎಳೆತವೂ ಜೋರು.

ಯಾರು ಬಿಡ್ತಾರೆ ಅಂತ ಅಳೆದು ಮೊದಲೇ ಹೇಳುವುದು, ಅಂದರೆ "ಮುನ್ಸೂಚನೆ", ಏನು ಅಂತ ಮೊದಲು ಸ್ಪಷ್ಟ ಮಾಡಿಕೊಳ್ಳೋಣ. ಬಿತ್ತನೆಗೆ ಮುಂಚೆ ರೈತರು ಒದ್ದೆ ಗೋಣಿಚೀಲದಲ್ಲಿ ನೂರು ಬೀಜ ಇಟ್ಟು ಮೊಳಕೆ ನೋಡುತ್ತಾರಲ್ಲ, ಹಾಗೆ. ನೂರರಲ್ಲಿ ಎಂಬತ್ತು ಮೊಳೆತರೆ ಆ ಮೂಟೆಯ ಬಗ್ಗೆ ಒಂದು ಅಂದಾಜು ಸಿಕ್ಕಿತು. ಆದರೆ ಕೈಯಲ್ಲಿರುವ ಈ ಒಂದು ಬೀಜ ಮೊಳೆಯುತ್ತೋ ಇಲ್ಲವೋ ಅಂತ ಅದು ಹೇಳಲ್ಲ. ಮೊಳೆತರೂ ಮುಂದೆ ಮಣ್ಣು, ನೀರು, ಗೊಬ್ಬರದ ಮಾತು ಬೇರೆ ಇದೆ. ತಂಬಾಕು ಬಿಡುವ ಲೆಕ್ಕವೂ ಇಷ್ಟೇ. ಗುಂಪಿನ ಬಗ್ಗೆ ಹೇಳಬಹುದು. ಒಬ್ಬ ಮನುಷ್ಯನ ಹಣೆಯ ಮೇಲೆ ಬರೆಯಲಾಗುವುದಿಲ್ಲ.

ಮೂಟೆಯ ಲೆಕ್ಕ ಹೀಗಿದೆ. 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಈಗಲ್ಸ್ ಎಂಬ ಅಧ್ಯಯನ ಪ್ರಕಟವಾಯಿತು. 16 ದೇಶಗಳು, 8,144 ಜನ. ಅವರಲ್ಲಿ ಅರ್ಧದಷ್ಟು, ಅಂದರೆ 4,116 ಜನರಿಗೆ ಮಾನಸಿಕ ಕಾಯಿಲೆ ಇತ್ತು ಅಥವಾ ಹಿಂದೆ ಬಂದಿತ್ತು. ಎಲ್ಲರನ್ನೂ ನಾಲ್ಕು ಗುಂಪು ಮಾಡಿದರು. ಒಂದಕ್ಕೆ ವಾರೆನಿಕ್ಲಿನ್ ಮಾತ್ರೆ, ಇನ್ನೊಂದಕ್ಕೆ ಬ್ಯುಪ್ರೋಪಿಯಾನ್ ಮಾತ್ರೆ, ಮೂರನೆಯದಕ್ಕೆ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ, ನಾಲ್ಕನೆಯದಕ್ಕೆ ಔಷಧವೇ ಇಲ್ಲದ ಹುಸಿ ಮಾತ್ರೆ. ಹನ್ನೆರಡು ವಾರ ಔಷಧ, ಆಮೇಲೆ ಇನ್ನೂ ಹನ್ನೆರಡು ವಾರ ಗಮನಿಸಿದ್ದು. 9ನೇ ವಾರದಿಂದ 24ನೇ ವಾರದವರೆಗೆ ಒಂದೂ ಸೇದದೆ ಉಳಿದವರು ಎಷ್ಟು? ಮಾನಸಿಕ ಕಾಯಿಲೆಯ ಗುಂಪಿನಲ್ಲಿ ವಾರೆನಿಕ್ಲಿನ್ ತೆಗೆದುಕೊಂಡ ನೂರರಲ್ಲಿ ಸುಮಾರು 18, ಬ್ಯುಪ್ರೋಪಿಯಾನ್‌ನಲ್ಲಿ 14, ಪಟ್ಟಿಯಲ್ಲಿ 13, ಹುಸಿ ಮಾತ್ರೆಯಲ್ಲಿ 8. ಕಾಯಿಲೆ ಇಲ್ಲದವರಲ್ಲಿ ವಾರೆನಿಕ್ಲಿನ್‌ಗೆ ಸುಮಾರು 25, ಹುಸಿ ಮಾತ್ರೆಗೆ 10.

ಈ ಅಂಕಿಗಳನ್ನು ಎರಡು ರೀತಿ ಓದಬಹುದು. "ಬರೀ ಹದಿನೆಂಟಾ?" ಅಂತ ಕೈಚೆಲ್ಲಬಹುದು. ನಾನು ಓದುವುದು ಬೇರೆ ಥರ. ವಾರೆನಿಕ್ಲಿನ್‌ನಿಂದ ಕಾಯಿಲೆ ಇರುವವರಲ್ಲೂ ಬಿಡುವವರ ಸಂಖ್ಯೆ ಎರಡು ಪಟ್ಟು ದಾಟಿತು. ಕಾಯಿಲೆ ಇಲ್ಲದವರಲ್ಲೂ ಹೆಚ್ಚುಕಡಿಮೆ ಅಷ್ಟೇ ಪಟ್ಟು. ಕಾಯಿಲೆ ದಾರಿಯನ್ನು ಸ್ವಲ್ಪ ಕಡಿದು ಮಾಡುತ್ತದೆ, ಆದರೆ ಮುಚ್ಚುವುದಿಲ್ಲ. ಇನ್ನೂ ಒಂದು ನೋಡಿ. ಕಾಯಿಲೆ ಇದ್ದೂ ವಾರೆನಿಕ್ಲಿನ್ ಪಡೆದವರು ನೂರಕ್ಕೆ 18. ಕಾಯಿಲೆ ಇಲ್ಲದೆ, ಔಷಧವೂ ಇಲ್ಲದೆ ಹೋರಾಡಿದವರು 10. ಅಂದರೆ ಕಾಯಿಲೆ ಇದೆಯೋ ಇಲ್ಲವೋ ಅನ್ನುವುದಕ್ಕಿಂತ ಔಷಧ ಸಿಕ್ಕಿತೋ ಇಲ್ಲವೋ ಅನ್ನುವುದೇ ಇಲ್ಲಿ ದೊಡ್ಡದಾಯಿತು! ಒಂದು ಎಚ್ಚರಿಕೆ ಮಾತ್ರ ಬೇಕು. ಈ ಅಧ್ಯಯನಕ್ಕೆ ತೆಗೆದುಕೊಂಡಿದ್ದು ಕಾಯಿಲೆ ಹತೋಟಿಯಲ್ಲಿ ಇರುವವರನ್ನು. ಅವರಲ್ಲೂ ಹೆಚ್ಚಿನವರದು ಖಿನ್ನತೆಯಂಥ ಮನಸ್ಥಿತಿಯ ಕಾಯಿಲೆ. ಸ್ಕಿಜೋಫ್ರೀನಿಯಾದಂಥ ಕಾಯಿಲೆಯವರು ನೂರಕ್ಕೆ ಹತ್ತರಷ್ಟು ಮಾತ್ರ.

"ಈ ಮಾತ್ರೆಯಿಂದ ತಲೆ ಇನ್ನೂ ಕೆಡುತ್ತೆ" ಅನ್ನುವ ಭಯ ಇತ್ತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2009ರಲ್ಲಿ ಔಷಧದ ಮಾಹಿತಿ ಚೀಟಿಯಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನೇ ಹಾಕಿಸಿತ್ತು. ಈಗಲ್ಸ್ ಅಧ್ಯಯನದಲ್ಲಿ ಮನಸ್ಸಿಗೆ ಸಂಬಂಧಿಸಿದ ಮಧ್ಯಮ ಅಥವಾ ತೀವ್ರ ಮಟ್ಟದ ತೊಂದರೆ ಕಂಡಿದ್ದು ಕಾಯಿಲೆ ಇದ್ದ ಗುಂಪಿನಲ್ಲಿ ವಾರೆನಿಕ್ಲಿನ್‌ಗೆ ಶೇ. 6.5, ಹುಸಿ ಮಾತ್ರೆಗೆ ಶೇ. 4.9. ಆ ವ್ಯತ್ಯಾಸ ಔಷಧದಿಂದಲೇ ಆಯಿತು ಅನ್ನುವಷ್ಟು ದೊಡ್ಡದಲ್ಲ ಎಂದು ತೀರ್ಮಾನವಾಗಿ, 2016ರ ಡಿಸೆಂಬರ್‌ನಲ್ಲಿ ಆ ಚೌಕಟ್ಟನ್ನು ತೆಗೆದರು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ವಾರೆನಿಕ್ಲಿನ್, ಬ್ಯುಪ್ರೋಪಿಯಾನ್ ಎರಡೂ ಮಾತ್ರೆಗಳನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಡಾಕ್ಟರನ್ನು ಕೇಳದೆ ತೆಗೆದುಕೊಳ್ಳುವ ಮಾತ್ರೆಗಳಲ್ಲ ಇವು. ಫಿಟ್ಸ್ ಇರುವವರಿಗೆ ಬ್ಯುಪ್ರೋಪಿಯಾನ್ ಕೊಡುವಂತಿಲ್ಲ. ಆದರೆ ಭಯದಿಂದ ಕೇಳದೇ ಇರುವ ಕಾಲ ಹೋಯಿತು.

ಸರಿ, ಆ ಹದಿನೆಂಟರಲ್ಲಿ ಯಾರು ಇರುತ್ತಾರೆ?

ಚಿಕ್ಕಪ್ಪನ ಬೆಳಗನ್ನು ಹತ್ತಿರದಿಂದ ನೋಡಿ. ಆರು ಗಂಟೆಗೆ ಏಳುತ್ತಾರೆ. ಹಾಸಿಗೆ ಮಡಿಸುವುದಿಲ್ಲ, ಮುಖ ತೊಳೆಯುವುದಿಲ್ಲ. ಕೈ ನೇರ ಕಿಟಕಿಯ ಕಟ್ಟೆಗೆ ಹೋಗುತ್ತದೆ. ಅಲ್ಲಿ ಬೀಡಿ ಕಟ್ಟು, ಮೇಲೊಂದು ಬೆಂಕಿಪೊಟ್ಟಣ. ಜಗಲಿಗೆ ಬಂದು ಕೂತು ಹಚ್ಚುತ್ತಾರೆ. ಮೊದಲ ಕಡ್ಡಿ ಕೈ ನಡುಗಿ ಆರಿಹೋಗುತ್ತದೆ, ಎರಡನೆಯದು ಹತ್ತುತ್ತದೆ. ನಾನೊಂದು ದಿನ ಗಡಿಯಾರ ನೋಡಿದೆ. ಕಣ್ಣು ಬಿಟ್ಟು ಮೂರು ನಿಮಿಷವೂ ಆಗಿರಲಿಲ್ಲ.

ಆ ಮೂರು ನಿಮಿಷಕ್ಕೆ ವೈದ್ಯಶಾಸ್ತ್ರದಲ್ಲಿ ಬೆಲೆ ಇದೆ. ಫಾಗರ್‌ಸ್ಟ್ರಾಮ್ ಪರೀಕ್ಷೆ ಅಂತ ಆರು ಪ್ರಶ್ನೆಗಳ ಒಂದು ಸಣ್ಣ ಪಟ್ಟಿ ಇದೆ. ಈಗಿರುವ ರೂಪಕ್ಕೆ ಬಂದಿದ್ದು 1991ರಲ್ಲಿ. ಅದರಲ್ಲಿ ಎಲ್ಲಕ್ಕಿಂತ ತೂಕದ ಪ್ರಶ್ನೆಗಳು ಎರಡು: ಎದ್ದ ಎಷ್ಟು ಹೊತ್ತಿಗೆ ಮೊದಲನೆಯದನ್ನು ಸೇದುತ್ತೀರಿ? ದಿನಕ್ಕೆ ಎಷ್ಟು ಸೇದುತ್ತೀರಿ? ಐದು ನಿಮಿಷದೊಳಗೆ ಅಂದರೆ ಮೂರು ಅಂಕ. ಅರ್ಧ ಗಂಟೆಯೊಳಗೆ ಅಂದರೆ ಎರಡು. ಒಂದು ಗಂಟೆಯೊಳಗೆ ಒಂದು. ಒಂದು ಗಂಟೆ ದಾಟಿದರೆ ಸೊನ್ನೆ. ಕಾರಣ ಸರಳ. ರಕ್ತದಲ್ಲಿರುವ ನಿಕೋಟಿನ್ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ರಾತ್ರಿ ಪೂರ್ತಿ ಮಲಗಿದರೆ ಬೆಳಗ್ಗೆ ಹೊತ್ತಿಗೆ ಹೆಚ್ಚೇನೂ ಉಳಿದಿರಲ್ಲ. ಆ ಖಾಲಿತನವನ್ನು ಮಿದುಳು ಎಷ್ಟು ಹೊತ್ತು ತಡೆದುಕೊಳ್ಳುತ್ತದೆ ಅನ್ನುವುದೇ ಚಟದ ಆಳ.

ಇಲ್ಲೊಂದು ಮಾತು ಒತ್ತಿ ಹೇಳಬೇಕು. "ಮನಸ್ಸಿದ್ದರೆ ಮಾರ್ಗ" ಅಂತೀವಲ್ಲ, ತಂಬಾಕಿನ ವಿಷಯದಲ್ಲಿ ಅದು ಅರ್ಧ ಸತ್ಯ. ಜನಸಾಮಾನ್ಯರ ಮೇಲೆ ನಡೆದ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ 2011ರಲ್ಲಿ ನೋಡಿದಾಗ ಕಂಡಿದ್ದು ಹೀಗೆ. ಬಿಡಬೇಕು ಅನ್ನುವ ಆಸೆ ಜಾಸ್ತಿ ಇದ್ದವರು ಬಿಡುವ ಪ್ರಯತ್ನಕ್ಕೆ ಕೈ ಹಾಕುತ್ತಾರೆ, ನಿಜ. ಆದರೆ ಕೈ ಹಾಕಿದ ಮೇಲೆ ಗೆಲ್ಲುತ್ತಾರೋ ಇಲ್ಲವೋ ಅನ್ನುವುದನ್ನು ಹೇಳುವುದು ಆಸೆಯಲ್ಲ, ಚಟದ ಆಳ. ಹಾಗಾಗಿ ಬಿಟ್ಟು ಮತ್ತೆ ಶುರು ಮಾಡಿದವರಿಗೆ "ನಿನಗೆ ಮನಸ್ಸೇ ಇಲ್ಲ" ಅನ್ನುವುದು ದೊಡ್ಡ ಅನ್ಯಾಯ. ಮಾನಸಿಕ ಕಾಯಿಲೆ ಇರುವವರಲ್ಲಿ ಬಿಡಬೇಕೆಂಬ ಆಸೆ ಉಳಿದವರಲ್ಲಿ ಇರುವಷ್ಟೇ ಇದೆ ಎಂಬುದೂ ಹಲವು ಅಧ್ಯಯನಗಳಲ್ಲಿ ಕಂಡಿದೆ. ಅವರಲ್ಲಿ ಜಾಸ್ತಿ ಇರುವುದು ಚಟದ ಆಳ. ನಾವು ಕಾಯಿಲೆಯ ಖಾತೆಗೆ ಬರೆದ ಸೋಲುಗಳಲ್ಲಿ ಎಷ್ಟೋ ನಿಕೋಟಿನ್ ಖಾತೆಗೆ ಸೇರಬೇಕಾದ್ದು ಅಂತ ನನಗೆ ಬಲವಾಗಿ ಅನಿಸುತ್ತದೆ.

ಇನ್ನೊಂದು ಸೂಚನೆ ಇದಕ್ಕಿಂತ ಗಟ್ಟಿ. ಅದು ಸಿಗುವುದು ಬಿಡಲು ಶುರು ಮಾಡಿದ ಮೇಲೆ. 1994ರಲ್ಲಿ ಪ್ರಕಟವಾದ ನಿಕೋಟಿನ್ ಪಟ್ಟಿಯ ಅಧ್ಯಯನವೊಂದರಲ್ಲಿ, ಆರು ತಿಂಗಳ ನಂತರ ಯಾರು ಸೇದದೆ ಇರುತ್ತಾರೆ ಎಂಬುದನ್ನು ಎಲ್ಲಕ್ಕಿಂತ ಚೆನ್ನಾಗಿ ಹೇಳಿದ್ದು ಎರಡನೇ ವಾರ. ಆ ವಾರದಲ್ಲಿ ಒಂದೂ ಸೇದದವರು ಮುಂದೆಯೂ ಉಳಿದುಕೊಳ್ಳುವುದು ಜಾಸ್ತಿ. ಆ ವಾರದಲ್ಲಿ ಒಂದೆರಡು ಸೇದಿದವರಲ್ಲಿ ಬಹುಪಾಲು ಜನ ಹಳೇ ದಾರಿಗೇ ಮರಳಿದರು. ಪಟ್ಟಿ ಹಾಕಿಕೊಂಡವರಲ್ಲಿ, ಮೊದಲೇ ಅಳೆದಿಟ್ಟ ಎಷ್ಟು ವರ್ಷ ಸೇದಿದ್ದರು, ದಿನಕ್ಕೆ ಎಷ್ಟು ಎಂಬಂಥ ವಿವರಗಳು ಇದರ ಮುಂದೆ ಮಂಕಾದವು.

ಈ ಎರಡು ವಾರದ ದಿನಗಳಲ್ಲಿ ಬಳಸುವ ಒಂದು ಪುಟ್ಟ ಯಂತ್ರ ಇದೆ. ಮೊಬೈಲ್‌ಗಿಂತ ಸ್ವಲ್ಪ ದಪ್ಪ, ಬಾಯಿಗೆ ಇಡಲು ರಟ್ಟಿನ ಕೊಳವೆ. ಉಸಿರು ಎಳೆದು ಹದಿನೈದು ಸೆಕೆಂಡ್ ಹಿಡಿದು, ನಿಧಾನವಾಗಿ ಊದಬೇಕು. ಹೊಗೆಯಿಂದ ಬಂದ ಕಾರ್ಬನ್ ಮಾನಾಕ್ಸೈಡ್ ಎಷ್ಟಿದೆ ಅಂತ ಪರದೆಯ ಮೇಲೆ ಸಂಖ್ಯೆ ಬರುತ್ತದೆ. ಹಿಂದೊಮ್ಮೆ ಚಿಕ್ಕಪ್ಪ ಬೀಡಿ ಬಿಡಲು ಹೊರಟಾಗ ಮೊದಲ ಸಲ ಊದಿದರು, ಇಪ್ಪತ್ತು ದಾಟಿತು. ಎರಡು ದಿನ ಬಿಟ್ಟು ಬಂದು ಊದಿದಾಗ ಮೂರು. ಹತ್ತರ ಕೆಳಗೆ ಬಂದರೆ ಸಾಮಾನ್ಯವಾಗಿ ಸೇದಿಲ್ಲ ಅಂತ ಲೆಕ್ಕ. ಅವರು ಆ ಮೂರನ್ನು ಬಹಳ ಹೊತ್ತು ನೋಡುತ್ತಾ ಕೂತರು. "ಇದು ನಂದೇನಾ?" ಅಂತ ಕೇಳಿದರು. ಅವರು ಮಾಡಿದ ಕೆಲಸಕ್ಕೆ ಒಳ್ಳೆಯ ಅಂಕ ಬಂದು ಎಷ್ಟು ವರ್ಷವಾಗಿತ್ತೋ ಏನೋ.

ಆ ಸಲ ಅವರು ಐದು ವಾರ ಉಳಿದರು, ಆಮೇಲೆ ಮತ್ತೆ ಶುರುವಾಯಿತು. ಅದು ಯಾಕಾಯಿತು ಅಂತ ನನಗೆ ಆಗ ಗೊತ್ತಿರಲಿಲ್ಲ. ನಾಲ್ಕನೇ ವಾರಕ್ಕೆ "ಬಿಟ್ಟಾಯ್ತಲ್ಲ, ಇನ್ನೇಕೆ" ಅಂತ ಬೀಡಿ ಬಿಡಲು ಕೊಟ್ಟಿದ್ದ ಮಾತ್ರೆಯನ್ನು ನಾವೇ ನಿಲ್ಲಿಸಿದ್ದೆವು.

ಇದನ್ನು ಬರೆಯುವಾಗ ಈಗಲೂ ಸಂಕಟವಾಗುತ್ತದೆ. ಯಾಕಂದರೆ 2014ರಲ್ಲೇ ಅಮೆರಿಕದ ಸಂಶೋಧಕರು ಇದಕ್ಕೆ ಉತ್ತರ ಕೊಟ್ಟಿದ್ದರು. ಸ್ಕಿಜೋಫ್ರೀನಿಯಾ ಅಥವಾ ಬೈಪೋಲಾರ್ ಇರುವ 203 ಜನರಿಗೆ ಹನ್ನೆರಡು ವಾರ ವಾರೆನಿಕ್ಲಿನ್ ಕೊಟ್ಟರು, ಜೊತೆಗೆ ಮಾತಿನ ಚಿಕಿತ್ಸೆಯೂ ಇತ್ತು. ಅಷ್ಟರಲ್ಲಿ ಬಿಟ್ಟು ಕನಿಷ್ಠ ಎರಡು ವಾರ ಆದವರಲ್ಲಿ 87 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. 40 ಜನರಿಗೆ ಅದೇ ಮಾತ್ರೆ ಮುಂದುವರಿಯಿತು. 47 ಜನರಿಗೆ ಹುಸಿ ಮಾತ್ರೆ. ಮಾತಿನ ಚಿಕಿತ್ಸೆ ಇಬ್ಬರಿಗೂ ಇತ್ತು. ಒಂದು ವರ್ಷದ ಹೊತ್ತಿಗೆ ಮಾತ್ರೆ ಮುಂದುವರಿದವರಲ್ಲಿ 24 ಜನ, ಅಂದರೆ ಶೇ. 60 ಸೇದದೆ ಇದ್ದರು. ಹುಸಿ ಮಾತ್ರೆಯವರಲ್ಲಿ 9 ಜನ, ಶೇ. 19.

ನಿಧಾನಕ್ಕೆ ಯೋಚಿಸಿ. ಎರಡೂ ಗುಂಪಿನವರಿಗೂ ಅದೇ ಕಾಯಿಲೆ. ಅಷ್ಟೇ ಆಳದ ಚಟ. ಆ ಹನ್ನೆರಡು ವಾರ ಇಬ್ಬರೂ ಗೆದ್ದವರೇ. ಬೇರೆಯಾಗಿದ್ದು ಒಂದೇ, ಮಾತ್ರೆ ಮುಂದುವರಿಯಿತೋ ಇಲ್ಲವೋ. ಹಾಗಾದರೆ "ಇವರು ಒಂದು ವರ್ಷ ಉಳೀತಾರಾ?" ಎಂಬ ಪ್ರಶ್ನೆಗೆ ಉತ್ತರ ಅವರ ತಲೆಯೊಳಗೆ ಇರಲಿಲ್ಲ. ಚಿಕಿತ್ಸೆ ಕೊಡುವವರ ಕೈಯಲ್ಲಿತ್ತು. ನಾವು ಮಾಡುವ ಕೆಲಸದಿಂದಲೇ ಇಷ್ಟು ಬದಲಾಗುವ ಭವಿಷ್ಯವನ್ನು ಹಣೆಬರಹ ಅನ್ನೋಕೆ ಆಗುತ್ತಾ? ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಇಳಿಯಿತು ಅಂತ ಮಾತ್ರೆ ನಿಲ್ಲಿಸುವುದಿಲ್ಲ ಅಲ್ವಾ? ಇಲ್ಲೂ ಹಾಗೇ ಯೋಚಿಸಬೇಕಿತ್ತು.

ಬ್ರಿಟನ್ನಿನಲ್ಲಿ 2019ರಲ್ಲಿ ಪ್ರಕಟವಾದ ಸಿಮಿಟಾರ್ ಪ್ಲಸ್ ಎಂಬ ಅಧ್ಯಯನವೂ ಇದನ್ನೇ ಇನ್ನೊಂದು ಕಡೆಯಿಂದ ತೋರಿಸುತ್ತದೆ. ತೀವ್ರ ಮಾನಸಿಕ ಕಾಯಿಲೆ ಇರುವ 526 ಜನ. ಅರ್ಧ ಜನರಿಗೆ ಅವರವರಿಗೆ ಹೊಂದುವಂತೆ ರೂಪಿಸಿದ ನೆರವು, ಬೇಕಾದರೆ ಮನೆಗೇ ಹೋಗಿ. ಆರು ತಿಂಗಳಿಗೆ ಬಿಟ್ಟವರು ಶೇ. 14, ಮಾಮೂಲಿ ಸೇವೆಯವರಲ್ಲಿ ಶೇ. 6. ಹನ್ನೆರಡು ತಿಂಗಳಿಗೆ ಶೇ. 15 ಮತ್ತು ಶೇ. 10, ಆ ಅಂತರ ಖಚಿತ ಅನ್ನುವಷ್ಟು ಉಳಿಯಲಿಲ್ಲ. ನೆರವು ಕೆಲಸ ಮಾಡುತ್ತದೆ, ಆದರೆ ಅದನ್ನು ಉಳಿಸಿಕೊಂಡು ಹೋಗಬೇಕು.

ಕಾಯಿಲೆಯ ಪಾತ್ರವೇ ಇಲ್ಲ ಅಂತಲ್ಲ. ನೆನಪಿಟ್ಟುಕೊಳ್ಳುವುದು, ಯೋಜನೆ ಹಾಕುವುದು ಕಷ್ಟವಾದವರಿಗೆ ಬಿಡುವುದೂ ಹೆಚ್ಚು ಕಷ್ಟ ಅಂತ ಸ್ಕಿಜೋಫ್ರೀನಿಯಾ ಇರುವವರ ಮೇಲೆ ನಡೆದ ಸಣ್ಣ ಅಧ್ಯಯನಗಳು ಹೇಳಿವೆ. ಇದು ನಮ್ಮ ಮನೆಯಲ್ಲೂ ಕಂಡ ವಿಷಯ. "ಆಸೆ ಬಂದಾಗ ಬೇರೆ ಏನಾದರೂ ಮಾಡಿ" ಅಂದರೆ ಚಿಕ್ಕಪ್ಪನಿಗೆ ಆ ಗಳಿಗೆಯಲ್ಲಿ ಏನೂ ಹೊಳೆಯುವುದಿಲ್ಲ. "ಎದ್ದು ನೀರು ಕುಡಿಯಿರಿ, ಆಮೇಲೆ ಗೇಟಿನವರೆಗೆ ನಡೆದು ಬನ್ನಿ" ಅಂತ ದೊಡ್ಡ ಅಕ್ಷರದಲ್ಲಿ ಬರೆದು ಕಿಟಕಿಯ ಕಟ್ಟೆಗೆ ಅಂಟಿಸಿದರೆ ಮಾಡುತ್ತಾರೆ.

ಎಷ್ಟೋ ಪ್ರಯತ್ನಗಳು ಮುರಿದು ಬೀಳುವುದು ಒಂದು ತಪ್ಪು ತಿಳಿವಳಿಕೆಯಿಂದ. ಬಿಟ್ಟ ಮೊದಲ ವಾರದಲ್ಲಿ ಸಿಡುಕು, ಆತಂಕ, ನಿದ್ದೆ ಬಾರದಿರುವುದು, ಕೂತಲ್ಲಿ ಕೂರಲಾಗದ ಚಡಪಡಿಕೆ ಎಲ್ಲ ಬರುತ್ತವೆ. ನಿಕೋಟಿನ್ ಇಲ್ಲದ್ದಕ್ಕೆ ಬರುವ ಇವು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತವೆ. ಆದರೆ ಮನೆಯವರಿಗೆ ಇದು ಹಳೇ ಕಾಯಿಲೆ ಕೆರಳಿದ ಹಾಗೇ ಕಾಣುತ್ತದೆ. ಹೆದರಿ ನಾವೇ ಗೂಡಂಗಡಿಗೆ ಹೋಗಿ ಒಂದು ಕಟ್ಟು ತಂದುಕೊಡುತ್ತೇವೆ. ಒಂದು ಬೀಡಿ ಸೇದಿದ ಕೂಡಲೇ ಅವರು ಶಾಂತರಾಗುತ್ತಾರೆ. "ನೋಡಿದ್ರಾ, ಅವನಿಗೆ ಅದೇ ಔಷಧ" ಅನ್ನುತ್ತೇವೆ. ಆದರೆ ಬೀಡಿ ತಣಿಸಿದ್ದು ಬೀಡಿಯೇ ಎಬ್ಬಿಸಿದ ಸಂಕಟವನ್ನು. 26 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಬಿಟ್ಟವರಲ್ಲಿ ಆತಂಕ, ಖಿನ್ನತೆ, ಒತ್ತಡ ಮೂರೂ ಬಿಡದವರಿಗಿಂತ ಕಡಿಮೆಯಾಗಿದ್ದವು. ಮಾನಸಿಕ ಕಾಯಿಲೆ ಇದ್ದವರಲ್ಲೂ ಹಾಗೇ.

ಆದರೆ ನಿಜವಾಗಿ ಹುಷಾರಾಗಿರಬೇಕಾದ ಒಂದು ಜಾಗ ಇದೆ. ಸ್ಕಿಜೋಫ್ರೀನಿಯಾಕ್ಕೆ ಕೊಡುವ ಕ್ಲೋಜಪಿನ್, ಒಲಾಂಜಪಿನ್ ಎಂಬ ಮಾತ್ರೆಗಳನ್ನು ಯಕೃತ್ತಿನ ಒಂದು ಕಿಣ್ವ ಕರಗಿಸಿ ಹೊರಹಾಕುತ್ತದೆ. ಹೊಗೆ ಒಳಹೋದಷ್ಟೂ ದೇಹ ಆ ಕಿಣ್ವವನ್ನು ಜಾಸ್ತಿ ತಯಾರಿಸುತ್ತದೆ. ಹಾಗಾಗಿ ಸೇದುವವರಿಗೆ ಡಾಕ್ಟರು ಗೊತ್ತುಮಾಡುವ ಪ್ರಮಾಣವೂ ಹೆಚ್ಚೇ ಇರಬಹುದು. ಬಿಟ್ಟ ಮೇಲೆ ಒಂದು ವಾರದೊಳಗೆ ಕಿಣ್ವ ಇಳಿಯುತ್ತದೆ. ಮಾತ್ರೆ ಅದೇ, ಆದರೆ ಕರಗಿಸುವವರಿಲ್ಲ. ರಕ್ತದಲ್ಲಿ ಕ್ಲೋಜಪಿನ್ ಒಂದೂವರೆ ಪಟ್ಟು, ಕೆಲವರಲ್ಲಿ ಅದಕ್ಕೂ ಜಾಸ್ತಿ ಏರಬಹುದು. ಮಂಪರು, ಜೊಲ್ಲು, ಹೆಚ್ಚಾದರೆ ಫಿಟ್ಸ್. ಇದನ್ನು ಮಾಡುವುದು ಹೊಗೆ, ನಿಕೋಟಿನ್ ಅಲ್ಲ. ನಿಕೋಟಿನ್ ಪಟ್ಟಿ ಅಂಟಿಸಿಕೊಂಡರೂ ಇದು ತಪ್ಪುವುದಿಲ್ಲ. ಬಿಡುವ ದಿನ ಮೊದಲೇ ಡಾಕ್ಟರಿಗೆ ತಿಳಿಸಿದರೆ ಅವರು ಪ್ರಮಾಣ ಇಳಿಸುತ್ತಾರೆ. ನಾವಾಗಿಯೇ ಇಳಿಸುವುದು ಬೇಡ. ಕಾಫಿಯನ್ನೂ ಅದೇ ಕಿಣ್ವ ಕರಗಿಸುತ್ತದೆ. ಬಿಟ್ಟ ಮೇಲೆ ಎರಡು ಲೋಟ ಕುಡಿದರೆ ಹಿಂದಿನ ನಾಲ್ಕರ ಹಾಗೆ ಏರಬಹುದು. ಎದೆ ಡವಡವ, ನಿದ್ದೆ ಇಲ್ಲ. ಆ ಬೈಗುಳವೂ ಬೀಡಿ ಬಿಟ್ಟಿದ್ದಕ್ಕೇ ಬೀಳುತ್ತದೆ.

"ಇವರಿಗೆ ಹೊಗೆ ಬೇಕೇಬೇಕು" ಅನ್ನುವ ನಂಬಿಕೆ ಎಲ್ಲಿಂದ ಬಂತು ಅಂತ ಹುಡುಕಿದವರೂ ಇದ್ದಾರೆ. ಅಮೆರಿಕದ ತಂಬಾಕು ಕಂಪನಿಗಳ ಒಳಗಿನ ಕಾಗದಪತ್ರಗಳನ್ನು ಓದಿ 2008ರಲ್ಲಿ ಸಂಶೋಧಕರು ಬರೆದಿದ್ದಾರೆ. ಸ್ಕಿಜೋಫ್ರೀನಿಯಾ ಇರುವವರಿಗೆ ಸಿಗರೇಟೇ ಔಷಧ ಎಂಬ ವಾದಕ್ಕೆ ಬಲ ಕೊಡುವ ಸಂಶೋಧನೆಗೆ ಆ ಉದ್ಯಮ ಹಣ ಕೊಟ್ಟಿತ್ತು. ಮಾನಸಿಕ ಆಸ್ಪತ್ರೆಗಳಿಗೆ ಸಿಗರೇಟ್ ಒದಗಿಸಿತ್ತು, ಆಸ್ಪತ್ರೆಯೊಳಗೆ ಸೇದುವುದನ್ನು ನಿಷೇಧಿಸುವುದಕ್ಕೆ ಅಡ್ಡಿಯಾದವರ ಬೆನ್ನಿಗೆ ನಿಂತಿತ್ತು. ನಮ್ಮಜ್ಜಿ ಕರುಣೆಯಿಂದ ಆಡಿದ ಮಾತನ್ನು ಅವರು ಲಾಭಕ್ಕಾಗಿ ಬೆಳೆಸಿದ್ದರು. ನನಗೆ ಸಿಟ್ಟು ಬರುವುದು ಇಲ್ಲಿ.

ನಮ್ಮ ಕಡೆಗೆ ಹೊಂದಿಸಿಕೊಳ್ಳುವಾಗ ಒಂದು ವ್ಯತ್ಯಾಸ ನೆನಪಿರಲಿ. ಮೇಲಿನ ಅಧ್ಯಯನಗಳೆಲ್ಲ ಮುಖ್ಯವಾಗಿ ಸಿಗರೇಟಿನ ಬಗ್ಗೆ. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಸೇದುವವರು ಶೇ. 10.7, ಜಗಿಯುವಂಥ ಹೊಗೆಯಿಲ್ಲದ ತಂಬಾಕು ಬಳಸುವವರು ಶೇ. 21.4. ಬೀಡಿ ಬಿಟ್ಟವರ ಕೆನ್ನೆಯೊಳಗೆ ಗುಟ್ಕಾ ಸೇರಿದರೆ ಊದುವ ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ. ಬಾಯಿಬಿಟ್ಟು ಕೇಳಬೇಕು. ಗದರಿಸದೆ ಕೇಳಿದರೆ ಹೇಳುತ್ತಾರೆ.

ತಂಬಾಕು ಬಿಡುವವರಿಗಾಗಿ ಸರ್ಕಾರದ ಉಚಿತ ಸಹಾಯವಾಣಿ ಇದೆ, 1800-11-2356. ದಕ್ಷಿಣದ ಭಾಷೆಗಳ ಕರೆಗಳನ್ನು ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರ ನೋಡಿಕೊಳ್ಳುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಚಿಕ್ಕಪ್ಪ ಮತ್ತೊಂದು ಸಲ ಬಿಡುತ್ತೇನೆ ಅಂದಿದ್ದಾರೆ, ಯಾರೂ ಒತ್ತಾಯ ಮಾಡದೆ. ಮುಂದಿನ ವಾರ ಡಾಕ್ಟರ ಹತ್ತಿರ ಹೋಗುವಾಗ ತೆಗೆದುಕೊಂಡು ಹೋಗಲು ಒಂದು ಚೀಟಿ ಬರೆದಿದ್ದೇನೆ. ಎದ್ದು ಮೂರು ನಿಮಿಷಕ್ಕೆ ಮೊದಲ ಬೀಡಿ. ದಿನಕ್ಕೆ ಒಂದೂವರೆ ಕಟ್ಟು. ಹೋದ ಸಲ ಐದು ವಾರ ಉಳಿದಿದ್ದರು, ನಾಲ್ಕನೇ ವಾರಕ್ಕೆ ಮಾತ್ರೆ ನಿಲ್ಲಿಸಿದ್ದು ನಾವು. ಕ್ಲೋಜಪಿನ್ ಎಷ್ಟು ಮಿಲಿಗ್ರಾಂ ನಡೆಯುತ್ತಿದೆ, ಕಾಫಿ ದಿನಕ್ಕೆ ಎಷ್ಟು. ಕೊನೆಯಲ್ಲಿ ಒಂದು ಪ್ರಶ್ನೆ: ಈ ಸಲ ಹನ್ನೆರಡು ವಾರಕ್ಕೆ ನಿಲ್ಲಿಸದೆ ಮುಂದುವರಿಸಬಹುದಾ? ಚೀಟಿ ಓದಿ ಹೇಳಿದಾಗ ಚಿಕ್ಕಪ್ಪ ತಲೆಯಾಡಿಸಿದರು. ಆಮೇಲೆ ಪೆನ್ನು ಇಸಿದುಕೊಂಡು ಕೆಳಗೆ ತಾವೇ ಒಂದು ಸಾಲು ಸೇರಿಸಿದರು: "ಹೋದ ಸಲ ಮೂರು ಬಂದಿತ್ತು."